ವೈ-ಫೈ ಬದಲಾದಾಗಲೆಲ್ಲ ಲಿನಕ್ಸ್ ಲ್ಯಾಪ್‌ಟಾಪಿನ ಹೆಸರುಗಳು ಯಾಕೆ ಕೈಕೊಡುತ್ತವೆ?

ಪ್ರಶ್ನೆ: ವಿಜಯಪುರದ ಹತ್ತಿರ ಒಂದು ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜಿನ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತೇನೆ ಸರ್. ನನ್ನ ಲ್ಯಾಪ್‌ಟಾಪಿನಲ್ಲಿ ಫೆಡೋರಾ ಇದೆ. ಸ್ಟೋರೇಜಿನ ಲೆಕ್ಕದ ಸರ್ವರ್ 192.168.1.20, ಕಾಟಾದ (ತೂಕದ) ಕಂಪ್ಯೂಟರ್ 192.168.1.21, ಕ್ಯಾಮೆರಾ ರೆಕಾರ್ಡರ್ 192.168.1.30. ಇವಕ್ಕೆ ಲೆಕ್ಕ, ಕಾಟಾ, ಕ್ಯಾಮ್ ಎಂದು ಹೋಸ್ಟ್ಸ್ ಫೈಲಿನಲ್ಲಿ ಹೆಸರಿಟ್ಟಿದ್ದೇನೆ. ಸ್ಟೋರೇಜಿನಲ್ಲಿ ಎಲ್ಲ ಬರೋಬರಿ. ಮನೆಗೆ ಬಂದು ಲೆಕ್ಕ ಎಂದು ಹೊಡೆದರೆ ಬೇರೆ ಯಾವುದೋ ಪುಟ ತೆರೆಯುತ್ತದೆ. ಬೆಳಗಾವಿಯ ಹೆಡ್ ಆಫೀಸಿಗೆ ಹೋದರೆ ಟರ್ಮಿನಲ್‌ನಲ್ಲಿ ಲ್ಯಾಪ್‌ಟಾಪಿನ ಹೆಸರೇ ಬೇರೆ ಆಗಿರುತ್ತದೆ, ಕ್ರೋಮ್ ತೆರೆಯುವುದಿಲ್ಲ. ರಿಸಾಲ್ವ್ ಡಾಟ್ ಕಾನ್ಫ್ ಫೈಲಿನಲ್ಲಿ ಬರೆದದ್ದು ರೀಸ್ಟಾರ್ಟ್ ಆದ ಮೇಲೆ ಇರುವುದೇ ಇಲ್ಲ. ಗೆಳೆಯರೊಬ್ಬರು ಸಿಎಚ್‌ಎಟಿಟಿಆರ್ ಕಮಾಂಡಿನಿಂದ ಫೈಲಿಗೆ ಬೀಗ ಹಾಕು ಎಂದರು, ಅದೂ ಎರರ್ ಕೊಟ್ಟಿತು. ಎಲ್ಲ ಊರಲ್ಲೂ ಸೆಟ್ಟಿಂಗ್ ಹಾಗೇ ಇರುವಂತೆ ಮಾಡುವುದು ಹೇಗ್ರಿ?

ಉತ್ತರ: ನಿಮ್ಮದು ಒಂದು ತೊಂದರೆಯಲ್ಲ, ಮೂರು. ಮೂರಕ್ಕೂ ಯಜಮಾನರು ಬೇರೆ ಬೇರೆ. ಲ್ಯಾಪ್‌ಟಾಪಿನ ಸ್ವಂತ ಹೆಸರು ಒಂದು ಕಡೆ ಇರುತ್ತದೆ, ನೀವು ಬೇರೆ ಯಂತ್ರಗಳಿಗೆ ಇಟ್ಟ ಹೆಸರು ಇನ್ನೊಂದು ಕಡೆ, ಆಯಾ ನೆಟ್‌ವರ್ಕ್ ಕೊಡುವ ಡಿಎನ್‌ಎಸ್, ಅಂದರೆ ಹೆಸರು ಕೇಳಿದರೆ ಐಪಿ ವಿಳಾಸ ಹೇಳುವ ಸರ್ವರ್, ಮಗದೊಂದು ಕಡೆ. ಯಾವ ಫೈಲನ್ನು ಯಾರು ಬರೆಯುತ್ತಾರೆ ಎಂದು ತಿಳಿದು, ಬರೆಯುವವರಿಗೇ ಹೇಳಿದರೆ ಬೀಗ ಬೇಕಾಗುವುದಿಲ್ಲ. ಕೆಳಗೆ ಕಮಾಂಡುಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರದಲ್ಲಿ ಹೊಡೆಯಿರಿ.

ಮೊದಲು ಬೀಗದ ಮಾತು ಮುಗಿಸೋಣ. ಫೆಡೋರಾ 33ರಿಂದ, ಅಂದರೆ 2020ರಿಂದ, ಹೆಸರು ಹುಡುಕುವ ಕೆಲಸ ಸಿಸ್ಟಂಡಿ-ರಿಸಾಲ್ವ್ಡ್ ಎಂಬ ಸೇವೆಯದು. ಅಲ್ಲಿಂದೀಚೆಗೆ ಇಟಿಸಿ ಫೋಲ್ಡರಿನಲ್ಲಿ ಕಾಣುವ ರಿಸಾಲ್ವ್ ಡಾಟ್ ಕಾನ್ಫ್ ನಿಜವಾದ ಫೈಲಲ್ಲ. ಅದು ರನ್ ಫೋಲ್ಡರಿನೊಳಗಿನ ಇನ್ನೊಂದು ಫೈಲಿನತ್ತ ಬೆರಳು ತೋರಿಸುವ ಸಿಂಬಾಲಿಕ್ ಲಿಂಕ್. ರನ್ ಫೋಲ್ಡರ್ ಇರುವುದು ಡಿಸ್ಕಿನ ಮೇಲಲ್ಲ, ರ‍್ಯಾಮಿನಲ್ಲಿ. ನೀವು ಎಡಿಟರ್ ತೆರೆದು ಬರೆದ ಸಾಲು ಲಿಂಕಿನ ಮೂಲಕ ರ‍್ಯಾಮಿಗೆ ಹೋಯಿತು, ಯಂತ್ರ ಆರಿದಾಗ ಅದರ ಜತೆ ಹೋಯಿತು. ಬೀಗದ ಕಮಾಂಡ್ ಸಾಮಾನ್ಯ ಫೈಲು ಮತ್ತು ಫೋಲ್ಡರಿಗೆ ಮಾತ್ರ ನಡೆಯುತ್ತದೆ, ಲಿಂಕಿಗೆ ನಡೆಯುವುದಿಲ್ಲ. ನಿಮಗೆ ಬಂದ ಎರರ್ ಅದೇ.

ಲಿಂಕನ್ನು ಅಳಿಸಿ, ಅಸಲಿ ಫೈಲು ಮಾಡಿ, ಅದಕ್ಕೆ ಬೀಗ ಹಾಕುವವರೂ ಇದ್ದಾರೆ. ಹಾಕಬೇಡಿ. ಲಾಡ್ಜಿನಲ್ಲೋ ಕಾಲೇಜಿನಲ್ಲೋ ವೈ-ಫೈ ಲಾಗಿನ್ ಪುಟ ಬರಬೇಕಾದರೆ ಹೆಚ್ಚಿನ ಕಡೆ ಆ ನೆಟ್‌ವರ್ಕಿನದೇ ಡಿಎನ್‌ಎಸ್ ಉತ್ತರ ಕೊಡಬೇಕು. ನೀವು ಗೂಗಲ್‌ನ ಡಿಎನ್‌ಎಸ್ 8.8.8.8 ಎಂದು ಗಟ್ಟಿ ಮಾಡಿಟ್ಟಿದ್ದರೆ ಪುಟವೇ ಬರುವುದಿಲ್ಲ. ಹೊರಗಿನ ಡಿಎನ್‌ಎಸ್‌ಗೆ ಹೋಗುವ 53ನೇ ಪೋರ್ಟನ್ನು ಮುಚ್ಚಿಟ್ಟ ಆಫೀಸುಗಳಲ್ಲಿ ಇಂಟರ್ನೆಟ್ಟೇ ಇಲ್ಲದಂತಾಗುತ್ತದೆ. ವಿಪಿಎನ್ (ದೂರದಿಂದ ಆಫೀಸಿನ ನೆಟ್‌ವರ್ಕಿಗೆ ಹೋಗುವ ಸುರಂಗ) ಹಾಕಿದಾಗ ಆಫೀಸಿನ ಒಳಹೆಸರುಗಳು ಸಿಗುವುದಿಲ್ಲ. ಇದೆಲ್ಲ ಇವತ್ತೇ ಕಾಡುವುದಿಲ್ಲ. ಆರು ತಿಂಗಳ ಮೇಲೆ, ಬೀಗ ಹಾಕಿದ್ದು ಮರೆತ ಮೇಲೆ ಕಾಡುತ್ತದೆ. ಈಗಾಗಲೇ ಹಾಗೆ ಮಾಡಿಕೊಂಡವರು ಅದೇ ಸಿಎಚ್‌ಎಟಿಟಿಆರ್ ಕಮಾಂಡಿಗೆ ಮೈನಸ್ ಐ ಎಂದು ಕೊಟ್ಟು ಬೀಗ ತೆಗೆದು, ಆ ಫೈಲನ್ನು ಅಳಿಸಿ, ರನ್, ಸಿಸ್ಟಂಡಿ, ರಿಸಾಲ್ವ್ ಫೋಲ್ಡರುಗಳ ಒಳಗಿನ ಸ್ಟಬ್-ರಿಸಾಲ್ವ್ ಡಾಟ್ ಕಾನ್ಫ್ ಫೈಲಿಗೆ ಮತ್ತೆ ಲಿಂಕ್ ಮಾಡಲಿ. ತೆರೆದು ನೋಡಿದರೆ ಅದರಲ್ಲಿ ನೇಮ್‌ಸರ್ವರ್ 127.0.0.53 ಎಂದಿರಬೇಕು.

ಈಗ ಲ್ಯಾಪ್‌ಟಾಪಿನ ಸ್ವಂತ ಹೆಸರು. ಟರ್ಮಿನಲ್‌ನಲ್ಲಿ ಹೋಸ್ಟ್‌ನೇಮ್‌ಸಿಟಿಎಲ್ ಎಂದಷ್ಟೇ ಹೊಡೆಯಿರಿ. ನಿಮ್ಮಲ್ಲಿ ಬಹುತೇಕ ಸ್ಟ್ಯಾಟಿಕ್ ಹೋಸ್ಟ್‌ನೇಮ್ ಮುಂದೆ ಅನ್‌ಸೆಟ್ ಎಂದೂ, ಟ್ರಾನ್ಸಿಯೆಂಟ್ ಹೋಸ್ಟ್‌ನೇಮ್ ಮುಂದೆ ಏನೋ ಒಂದು ಹೆಸರೂ ಕಾಣುತ್ತದೆ. ಸ್ಟ್ಯಾಟಿಕ್ ಎಂದರೆ ಇಟಿಸಿಯ ಹೋಸ್ಟ್‌ನೇಮ್ ಫೈಲಿನಲ್ಲಿ ನೀವು ಇಟ್ಟ ಕಾಯಂ ಹೆಸರು. ಟ್ರಾನ್ಸಿಯೆಂಟ್ ಎಂದರೆ ಈ ಹೊತ್ತಿಗೆ ಲಿನಕ್ಸಿನ ತಿರುಳಾದ ಕರ್ನೆಲ್ ಬಳಸುತ್ತಿರುವ ಹೆಸರು. ಕಾಯಂ ಹೆಸರು ಇಲ್ಲದಿದ್ದರೆ ನೆಟ್‌ವರ್ಕ್ ಜೋಡಣೆ ನೋಡಿಕೊಳ್ಳುವ ನೆಟ್‌ವರ್ಕ್‌ಮ್ಯಾನೇಜರ್ ಸುಮ್ಮನಿರುವುದಿಲ್ಲ. ಯಂತ್ರಗಳಿಗೆ ಐಪಿ ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರ್ ಆ ವಿಳಾಸದ ಜತೆ 12ನೇ ಆಪ್ಷನ್ನಿನಲ್ಲಿ ಹೆಸರು ಕಳಿಸಿದರೆ ಅದನ್ನು ಎತ್ತಿಕೊಳ್ಳುತ್ತದೆ. ಅದಿಲ್ಲದಿದ್ದರೆ ತನಗೆ ಸಿಕ್ಕ ಐಪಿ ಯಾರ ಹೆಸರಿನಲ್ಲಿದೆ ಎಂದು ಡಿಎನ್‌ಎಸ್‌ನಲ್ಲಿ ಹಿಮ್ಮುಖವಾಗಿ ಕೇಳಿ, ಬಂದ ಉತ್ತರವನ್ನೇ ಹೆಸರಾಗಿ ಇಟ್ಟುಕೊಳ್ಳುತ್ತದೆ. ಮನೆಯ ಅಗ್ಗದ ರೂಟರ್ ಈ ಉಸಾಬರಿಗೆ ಹೋಗುವುದಿಲ್ಲ. ವ್ಯವಸ್ಥಿತವಾಗಿ ನಡೆಯುವ ಆಫೀಸಿನ ಸರ್ವರ್ ಹೋಗುತ್ತದೆ. ಬೆಳಗಾವಿಯಲ್ಲಿ ಮಾತ್ರ ನಿಮ್ಮ ಹೆಸರು ಬದಲಾಗುವುದಕ್ಕೆ ಕಾರಣ ಇಷ್ಟೇ, ಆಫೀಸಿನವರ ತಪ್ಪೇನಿಲ್ಲ.

ಪರಿಹಾರ ಒಂದೇ ಸಾಲು:

ಸುಡೋ ಹೋಸ್ಟ್‌ನೇಮ್‌ಸಿಟಿಎಲ್ ಸೆಟ್-ಹೋಸ್ಟ್‌ನೇಮ್ ದ್ರಾಕ್ಷಿ

ಸರಿಯಾದ ಕಾಯಂ ಹೆಸರಿದ್ದರೆ ನೆಟ್‌ವರ್ಕ್‌ಮ್ಯಾನೇಜರ್ ಅದನ್ನು ಮುಟ್ಟುವುದಿಲ್ಲ. ಸರಿಯಾದ ಎಂದೆ, ಯಾಕೆಂದರೆ ಲೋಕಲ್‌ಹೋಸ್ಟ್ ಅಥವಾ ಲೋಕಲ್‌ಹೋಸ್ಟ್ ಡಾಟ್ ಲೋಕಲ್‌ಡೊಮೈನ್ ಎಂದಿದ್ದರೆ ಅದನ್ನು ಹೆಸರೇ ಇಲ್ಲ ಎಂದೇ ಲೆಕ್ಕ ಹಿಡಿಯಲಾಗುತ್ತದೆ. ಫೈಲು ತೆರೆದು ನೋಡಿ ಹೆಸರಿದೆಯಲ್ಲ ಎಂದುಕೊಂಡು ಬಹಳ ಜನ ದಾರಿ ತಪ್ಪುವುದು ಇಲ್ಲೇ. ಹೆಸರಿನಲ್ಲಿ ಇಂಗ್ಲಿಷಿನ ಸಣ್ಣಕ್ಷರ, ಅಂಕಿ, ನಡುವೆ ಬೇಕಾದರೆ ಹೈಫನ್, ಇಷ್ಟೇ ಇರಲಿ. ಅಂಡರ್‌ಸ್ಕೋರ್ ಬೇಡ.

ಕನ್ನಡದಲ್ಲೇ ಹೆಸರು ಬೇಕೆನ್ನುವವರಿಗೆ ಅದೇ ಕಮಾಂಡಿನಲ್ಲಿ ಮೈನಸ್ ಮೈನಸ್ ಪ್ರೆಟಿ ಎಂಬ ಮೂರನೆಯ ಬಗೆ ಇದೆ. ಅದು ತೋರಿಕೆಯ ಹೆಸರು, ಕನ್ನಡ ಅಕ್ಷರ, ಖಾಲಿ ಜಾಗ ಎಲ್ಲ ನಡೆಯುತ್ತದೆ. 2014ರ ನವೆಂಬರ್ 1ಕ್ಕೆ ಬೆಳಗಾಂ ಬೆಳಗಾವಿಯಾಯಿತು, ಬಿಜಾಪುರ ವಿಜಯಪುರವಾಯಿತು. ಆದರೆ ಬೆಳಗಾವಿ ಸ್ಟೇಷನ್ನಿನ ಕೋಡು ಬಿಜಿಎಂ ಎಂದೇ ಉಳಿದಿದೆ. ಹಾಗೆ, ಪ್ರೆಟಿ ಎಂಬುದು ಬೋರ್ಡು, ಸ್ಟ್ಯಾಟಿಕ್ ಎಂಬುದು ಕೋಡು. ಬೋರ್ಡು ಎಷ್ಟು ಸಲವಾದರೂ ಬದಲಿಸಿ, ಕೋಡಿಗೆ ಕೈಹಚ್ಚಬೇಡಿ.

ಕ್ರೋಮ್ ತೆರೆಯದಿದ್ದುದು ಕೋಡು ಬದಲಾದ್ದರಿಂದಲೇ. ಕ್ರೋಮ್ ನಡೆಯುವಾಗ ತನ್ನ ಪ್ರೊಫೈಲ್ ಫೋಲ್ಡರಿನಲ್ಲಿ ಸಿಂಗಲ್‌ಟನ್‌ಲಾಕ್ ಎಂಬ ಗುರುತು ಇಡುತ್ತದೆ. ಅದರಲ್ಲಿ ಯಂತ್ರದ ಹೆಸರು ಮತ್ತು ಪ್ರೊಸೆಸ್ ನಂಬರ್ ಇರುತ್ತವೆ. ಲ್ಯಾಪ್‌ಟಾಪ್ ಮುಚ್ಚಿ ಬೆಳಗಾವಿಯಲ್ಲಿ ತೆರೆದಾಗ ಯಂತ್ರದ ಹೆಸರು ಬೇರೆ. ಈ ಪ್ರೊಫೈಲನ್ನು ಬೇರೊಂದು ಕಂಪ್ಯೂಟರ್ ಬಳಸುತ್ತಿದೆ ಎಂದು ಕ್ರೋಮ್ ತಿಳಿಯುತ್ತದೆ. ಕಾಯಂ ಹೆಸರು ಇಟ್ಟ ಮೇಲೆ, ಕ್ರೋಮಿನ ಯಾವ ಪ್ರೊಸೆಸ್ಸೂ ನಡೆಯುತ್ತಿಲ್ಲ ಎಂದು ಖಚಿತ ಮಾಡಿಕೊಂಡು, ಹೋಮ್ ಫೋಲ್ಡರಿನ ಡಾಟ್ ಕಾನ್ಫಿಗ್ ಒಳಗೆ ಗೂಗಲ್-ಕ್ರೋಮ್ ಫೋಲ್ಡರಿನಲ್ಲಿರುವ ಆ ಒಂದು ಲಾಕನ್ನು ಅಳಿಸಿ. ಬುಕ್‌ಮಾರ್ಕು, ಪಾಸ್‌ವರ್ಡು ಎಲ್ಲಿಯೂ ಹೋಗುವುದಿಲ್ಲ. ಮೊದಲೇ ತೆರೆದಿದ್ದ ಟರ್ಮಿನಲ್ ಹಳೆಯ ಹೆಸರನ್ನೇ ತೋರಿಸಿದರೆ ಗಾಬರಿ ಬೇಡ. ಟರ್ಮಿನಲ್‌ನೊಳಗೆ ಓಡುವ ಬ್ಯಾಶ್ ಹೆಸರನ್ನು ಓದುವುದು ಶುರುವಾಗುವಾಗ ಒಂದೇ ಸಲ. ಹೊಸ ಟರ್ಮಿನಲ್ ತೆರೆದು ನೋಡಿ.

ಉಬುಂಟು, ಡೆಬಿಯನ್ ಇರುವವರಿಗೆ ಇಲ್ಲಿ ಒಂದು ಹೆಚ್ಚಿನ ಕೆಲಸವಿದೆ. ಅಲ್ಲಿ ಹೋಸ್ಟ್ಸ್ ಫೈಲಿನಲ್ಲಿ 127.0.1.1 ಮುಂದೆ ಯಂತ್ರದ ಹೆಸರು ಬರೆದಿರುವ ರೂಢಿ. ಹೆಸರು ಬದಲಿಸಿ ಈ ಸಾಲು ಮರೆತರೆ ಪ್ರತಿ ಸುಡೋಗೂ ಹೋಸ್ಟ್ ಹೆಸರು ಸಿಗಲಿಲ್ಲ ಎಂಬ ಎಚ್ಚರಿಕೆ ಬರಬಹುದು, ನೆಟ್‌ವರ್ಕ್ ನಿಧಾನವಿದ್ದರೆ ಕೆಲವು ಸೆಕೆಂಡ್ ತಡೆಯಲೂಬಹುದು. ಆ ಸಾಲಿನ ಹೆಸರನ್ನೂ ಬದಲಿಸಿ. ಫೆಡೋರಾದಲ್ಲಿ ಮೈಹೋಸ್ಟ್‌ನೇಮ್ ಎಂಬ ಘಟಕ ಈ ಉತ್ತರವನ್ನು ತಾನೇ ಕೊಡುವುದರಿಂದ ಆ ಸಾಲು ಬೇಕಾಗುವುದಿಲ್ಲ.

ನಿಮ್ಮ ಹೆಸರನ್ನು ನೀವು ಹೋದಲ್ಲೆಲ್ಲ ಲ್ಯಾಪ್‌ಟಾಪ್ ಡಿಎಚ್‌ಸಿಪಿ ಸರ್ವರ್‌ಗೆ ಹೇಳಿಕೊಳ್ಳುತ್ತದೆ ಎಂಬುದೂ ತಿಳಿದಿರಲಿ. ಸ್ಟೋರೇಜಿನಲ್ಲಿ ಅದು ಒಳ್ಳೆಯದೇ, ರೂಟರ್ ಪಟ್ಟಿಯಲ್ಲಿ ಗುರುತು ಸಿಗುತ್ತದೆ. ಲಾಡ್ಜಿನ ವೈ-ಫೈಗೆ ಬೇಡವೆನಿಸಿದರೆ ಆ ಒಂದು ಕನೆಕ್ಷನ್ನಿಗೆ ಮಾತ್ರ ನೆಟ್‌ವರ್ಕ್‌ಮ್ಯಾನೇಜರಿನ ಎನ್‌ಎಂಸಿಎಲ್‌ಐ ಕಮಾಂಡಿನಿಂದ ಐಪಿವಿ4 ಡಾಟ್ ಡಿಎಚ್‌ಸಿಪಿ-ಸೆಂಡ್-ಹೋಸ್ಟ್‌ನೇಮ್ ಎಂಬುದನ್ನು ನೋ ಮಾಡಿ.

ಇನ್ನು ಹೋಸ್ಟ್ಸ್ ಫೈಲು. ನಿಮ್ಮ ಪತ್ರದ ನಿಜವಾದ ಗಂಟು ಇಲ್ಲಿದೆ. ನೆಟ್‌ವರ್ಕ್ ಬದಲಾದರೆ ಈ ಫೈಲನ್ನು ಯಾರೂ ತಿದ್ದುವುದಿಲ್ಲ. ಹೆಸರು ಹುಡುಕುವ ಸರದಿ ಎನ್‌ಎಸ್‌ಸ್ವಿಚ್ ಡಾಟ್ ಕಾನ್ಫ್ ಫೈಲಿನ ಹೋಸ್ಟ್ಸ್ ಸಾಲಿನಲ್ಲಿ ಇರುತ್ತದೆ. ಅಲ್ಲಿ ಫೈಲ್ಸ್ (ಅಂದರೆ ಹೋಸ್ಟ್ಸ್ ಫೈಲು) ಎಂಬುದು ಡಿಎನ್‌ಎಸ್‌ಗಿಂತ ಮುಂದೆ ಇರುವವರೆಗೆ ನೀವು ಬರೆದ ಸಾಲೇ ಗೆಲ್ಲುತ್ತದೆ. ಮನೆಯಲ್ಲೂ ಗೆಲ್ಲುತ್ತಿದೆ, ಅದೇ ತೊಂದರೆ. ಲೆಕ್ಕ ಎಂದರೆ 192.168.1.20 ಎಂದು ಲ್ಯಾಪ್‌ಟಾಪ್ ಎಲ್ಲಿದ್ದರೂ ನಂಬುತ್ತದೆ. ನಿಮ್ಮ ಮನೆಯ ರೂಟರ್ ಹಂಚುವುದೂ 192.168.1 ಸಾಲಿನ ವಿಳಾಸಗಳನ್ನೇ, ಅಲ್ಲಿ 20ನೇ ನಂಬರ್ ಟಿವಿಗೋ ಪ್ರಿಂಟರ್‌ಗೋ ಹೋಗಿದೆ. ಅಂದರೆ ಸೆಟ್ಟಿಂಗ್ ಅಳಿಸಿಹೋಗಿಲ್ಲ, ಬೇರೆ ಊರಿನಲ್ಲಿ ಬೇರೆ ಮನೆಯ ಕದ ತಟ್ಟುತ್ತಿದೆ.

ಇದನ್ನು ಸಣ್ಣದೆಂದು ಬಿಡಬೇಡಿ. ಲೆಕ್ಕದ ಪುಟ ಬರೀ ಎಚ್‌ಟಿಟಿಪಿಯಲ್ಲಿದ್ದರೆ, ಬೇರೆಯವರ ನೆಟ್‌ವರ್ಕಿನಲ್ಲಿ 20ನೇ ನಂಬರಿನ ಯಂತ್ರಕ್ಕೆ ನಿಮ್ಮ ಬ್ರೌಸರ್ ಹೋಗಿ ಪಾಸ್‌ವರ್ಡ್ ಕೊಟ್ಟು ಬರಬಹುದು. ದೂರದ ಯಂತ್ರಕ್ಕೆ ಟರ್ಮಿನಲ್‌ನಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್ ಆದರೆ ಹೋಸ್ಟ್ ಕೀ (ಆ ಯಂತ್ರದ ಗುರುತು) ಬದಲಾಗಿದೆ ಎಂದು ದೊಡ್ಡ ಎಚ್ಚರಿಕೆ ಕೊಟ್ಟು ನಿಲ್ಲುತ್ತದೆ. ಆಗ ಹಳೆಯ ಕೀ ಅಳಿಸುವ ಕಮಾಂಡನ್ನು ಕಣ್ಣುಮುಚ್ಚಿ ಓಡಿಸುವ ಮೊದಲು ನೀವು ಯಾವ ವೈ-ಫೈನಲ್ಲಿದ್ದೀರಿ ನೋಡಿ.

ನನ್ನ ಸಲಹೆ: ಲ್ಯಾಪ್‌ಟಾಪನ್ನು ಬಿಡಿ, ಸ್ಟೋರೇಜಿನ ವಿಳಾಸದ ಸಾಲನ್ನೇ ಬದಲಿಸಿ. ರೂಟರ್ ಕಂಪನಿಗಳು ಹೆಚ್ಚಾಗಿ 192.168.0 ಅಥವಾ 192.168.1 ಎಂದೇ ಇಟ್ಟು ಕಳಿಸುತ್ತವೆ, ಹೀಗಾಗಿ ಅರ್ಧ ಊರಿನ ಮನೆಗಳಲ್ಲಿ ಅದೇ ಇರುತ್ತದೆ. ಖಾಸಗಿ ಬಳಕೆಗೆಂದು 10ರಿಂದ ಶುರುವಾಗುವ ಇಡೀ ಸಾಲು ಬಿಟ್ಟುಕೊಟ್ಟಿದ್ದಾರೆ. ಅದರಲ್ಲಿ ಯಾರೂ ಆರಿಸದಂಥ ಎರಡು ನಂಬರ್ ಆರಿಸಿ, 10.73.41 ಎಂದಿಟ್ಟುಕೊಳ್ಳೋಣ. ಕೆಲವು ಸಾಲುಗಳನ್ನು ತಪ್ಪಿಸಿ. ಕಂಟೇನರ್ ಓಡಿಸುವ ಡಾಕರ್ 172.17 ಸಾಲನ್ನು ಹಿಡಿದಿರುತ್ತದೆ, ವರ್ಚುವಲ್ ಯಂತ್ರ ಓಡಿಸುವ ಲಿಬ್‌ವರ್ಟ್ 192.168.122 ಅನ್ನು, ನೆಟ್‌ವರ್ಕ್‌ಮ್ಯಾನೇಜರಿನ ಹಾಟ್‌ಸ್ಪಾಟ್ 10.42.0 ಅನ್ನು, ಐಫೋನ್ ಹಾಟ್‌ಸ್ಪಾಟ್ 172.20.10 ಅನ್ನು, ಹಳೆಯ ಆಂಡ್ರಾಯ್ಡ್ ಫೋನುಗಳು 192.168.43 ಅನ್ನು. 10.0.0 ಮತ್ತು 10.1.1 ಕೂಡ ಎಲ್ಲರ ಬಾಯಲ್ಲಿರುವ ನಂಬರುಗಳು, ಬೇಡ.

ಬದಲಿಸುವಾಗ ಕ್ರಮ ತಪ್ಪಿದರೆ ಫಜೀತಿ. ಮಾರ್ಚ್, ಏಪ್ರಿಲ್‌ನಲ್ಲಿ ಮಾಲು ಒಳಗೆ ಬರುವ ಗದ್ದಲದಲ್ಲಿ ಇದಕ್ಕೆ ಕೈಹಾಕಬೇಡಿ. ಕಾಟಾ ನಡೆಯದ ದಿನ, ಬೆಳಿಗ್ಗೆ ಬೇಗ ಕೂತುಕೊಳ್ಳಿ. ಮೊದಲು ಮೂರೂ ಯಂತ್ರಗಳ ಮ್ಯಾಕ್ ವಿಳಾಸ, ಅಂದರೆ ನೆಟ್‌ವರ್ಕ್ ಕಾರ್ಡಿನ ಗುರುತಿನ ನಂಬರ್, ಬರೆದಿಟ್ಟುಕೊಳ್ಳಿ. ಕ್ಯಾಮೆರಾ ರೆಕಾರ್ಡರಿನಲ್ಲಿ ಐಪಿಯನ್ನು ಕೈಯಿಂದ ಕೂರಿಸಿರುವ ಸಾಧ್ಯತೆ ಹೆಚ್ಚು. ಅದಕ್ಕೆ ಮಾನಿಟರ್ ಹಚ್ಚಿ ಮೆನುವಿನಲ್ಲಿ ಡಿಎಚ್‌ಸಿಪಿ ಮಾಡಿ. ಇದನ್ನು ಮರೆತು ರೂಟರ್ ಬದಲಿಸಿದರೆ ರೆಕಾರ್ಡರ್ ಹಳೆಯ ಸಾಲಿನಲ್ಲೇ ಕೂತು ಯಾರಿಗೂ ಕಾಣುವುದಿಲ್ಲ. ಕಾಟಾದ ಸಾಫ್ಟ್‌ವೇರಿನ ಸೆಟ್ಟಿಂಗಿನಲ್ಲಿ ಲೆಕ್ಕದ ಸರ್ವರಿನ ಹಳೆಯ ಐಪಿ ಬರೆದಿದ್ದರೆ ಎಲ್ಲಿ ಬರೆದಿದೆ ಎಂದು ಹುಡುಕಿ ಗುರುತು ಹಾಕಿಕೊಳ್ಳಿ. ಪ್ರಿಂಟರನ್ನೂ ಮರೆಯಬೇಡಿ. ರೂಟರ್ ಕೊನೆಗೆ. ಅದರ ಲ್ಯಾನ್ ವಿಳಾಸ 10.73.41.1, ಮಾಸ್ಕ್ 255.255.255.0, ಹಂಚುವ ಪೂಲ್ 100ರಿಂದ 199. ಮೀಸಲು ಪಟ್ಟಿಯಲ್ಲಿ ಮ್ಯಾಕ್ ಕೊಟ್ಟು ಲೆಕ್ಕಕ್ಕೆ 20, ಕಾಟಾಕ್ಕೆ 21, ರೆಕಾರ್ಡರಿಗೆ 30. ಕೆಲವು ರೂಟರ್‌ಗಳು ಮೀಸಲು ವಿಳಾಸ ಪೂಲಿನ ಒಳಗೇ ಇರಬೇಕೆಂದು ಹಟ ಹಿಡಿಯುತ್ತವೆ, ಆಗ ಪೂಲನ್ನು 20ರಿಂದ ಶುರುಮಾಡಿ. ಸೇವ್ ಒತ್ತಿದ ಕೂಡಲೇ ಪುಟ ಸ್ತಬ್ಧವಾಗುತ್ತದೆ. ರೂಟರ್ ಕೆಟ್ಟಿತೆಂದು ರೀಸೆಟ್ ಒತ್ತಬೇಡಿ, ನಿಮ್ಮ ಲ್ಯಾಪ್‌ಟಾಪ್ ಇನ್ನೂ ಹಳೆಯ ಐಪಿಯಲ್ಲಿದೆ. ವೈ-ಫೈ ಬಿಟ್ಟು ಮತ್ತೆ ಹಿಡಿದು 10.73.41.1 ತೆರೆಯಿರಿ. ಉಳಿದ ಯಂತ್ರಗಳನ್ನು ಒಂದೊಂದಾಗಿ ರೀಸ್ಟಾರ್ಟ್ ಮಾಡಿ.

ಈ ಮೂರು ಯಂತ್ರಗಳಿಗೂ ವೈ-ಫೈ ಬೇಡ, ಕೇಬಲ್ ಎಳೆಯಿರಿ. ವೈ-ಫೈ ಕಾರ್ಡುಗಳು ಈಗ ಖಾಸಗಿತನಕ್ಕೆಂದು ಮ್ಯಾಕ್ ವಿಳಾಸವನ್ನು ಬದಲಿಸಿಕೊಳ್ಳಬಲ್ಲವು. ಬದಲಾದ ಕ್ಷಣ ರೂಟರಿನ ಮೀಸಲು ಪಟ್ಟಿ ಅದನ್ನು ಗುರುತಿಸುವುದಿಲ್ಲ. ಫೆಡೋರಾ 40ರಿಂದ ನಿಮ್ಮ ಲ್ಯಾಪ್‌ಟಾಪ್ ಕೂಡ ಪ್ರತಿ ವೈ-ಫೈ ಹೆಸರಿಗೆ ಬೇರೆ ಮ್ಯಾಕ್ ತೋರಿಸುತ್ತದೆ, ಆದರೆ ಆ ಹೆಸರಿಗೆ ಸದಾ ಅದೇ ಇರುತ್ತದೆ. ನಿಮಗದು ತೊಂದರೆ ಕೊಡದು.

ಈಗ ಹೋಸ್ಟ್ಸ್ ಫೈಲಿನಲ್ಲಿ ಮೂರು ಸಾಲು:

10.73.41.20 ಲೆಕ್ಕ.ಹೋಮ್.ಆರ್ಪಾ ಲೆಕ್ಕ
10.73.41.21 ಕಾಟಾ.ಹೋಮ್.ಆರ್ಪಾ ಕಾಟಾ
10.73.41.30 ಕ್ಯಾಮ್.ಹೋಮ್.ಆರ್ಪಾ ಕ್ಯಾಮ್

ಐಪಿ ಮೊದಲು, ಪೂರ್ತಿ ಹೆಸರು ಆಮೇಲೆ, ಗಿಡ್ಡ ಹೆಸರು ಕೊನೆಗೆ. ಹೋಮ್ ಡಾಟ್ ಆರ್ಪಾ ಎಂಬ ವಿಚಿತ್ರ ಬಾಲ ಯಾಕೆಂದರೆ, ಮನೆ ಮತ್ತು ಸಣ್ಣ ನೆಟ್‌ವರ್ಕಿನ ಬಳಕೆಗೆ 2018ರಲ್ಲಿ ಅದನ್ನೇ ಮೀಸಲಿಟ್ಟಿದ್ದಾರೆ, ಹೊರಗಿನ ಇಂಟರ್ನೆಟ್ಟಿನಲ್ಲಿ ಯಾರಿಗೂ ಮಾರುವುದಿಲ್ಲ. 2024ರಲ್ಲಿ ಇಂಟರ್ನಲ್ ಎಂಬ ಬಾಲವನ್ನೂ ಇಂಟರ್ನೆಟ್ ಹೆಸರುಗಳ ಉಸ್ತುವಾರಿ ಸಂಸ್ಥೆ ಐಕ್ಯಾನ್ ಇಂಥ ಖಾಸಗಿ ಬಳಕೆಗೆ ಎತ್ತಿಟ್ಟಿತು, ಅದೂ ನಡೆಯುತ್ತದೆ. ಡಾಟ್ ಡೆವ್ ಮಾತ್ರ ಬೇಡವೇ ಬೇಡ: ಅದು ಗೂಗಲ್‌ನ ಅಸಲಿ ಡೊಮೈನ್, ಬ್ರೌಸರುಗಳು ಅದನ್ನು ಎಚ್‌ಟಿಟಿಪಿಎಸ್ ಇಲ್ಲದೆ ತೆರೆಯುವುದೇ ಇಲ್ಲ. ಡಾಟ್ ಲೋಕಲ್ ಎಂಬುದು ಎಂಡಿಎನ್‌ಎಸ್‌ನ ಸ್ವತ್ತು, ಅಂದರೆ ಸರ್ವರ್ ಇಲ್ಲದೆ ಯಂತ್ರಗಳು ತಮ್ಮತಮ್ಮಲ್ಲೇ ಹೆಸರು ಕೇಳಿಕೊಳ್ಳುವ ವ್ಯವಸ್ಥೆಯದು. ಲೆಕ್ಕದ ಸರ್ವರಿನಲ್ಲಿ ಲಿನಕ್ಸ್ ಇದ್ದು ಅದನ್ನು ನಡೆಸುವ ಅವಾಹಿ ಸೇವೆ ನಡೆಯುತ್ತಿದ್ದರೆ ಹೋಸ್ಟ್ಸ್ ಸಾಲಿಲ್ಲದೆಯೇ ಲೆಕ್ಕ ಡಾಟ್ ಲೋಕಲ್ ಎಂಬ ಹೆಸರು ಸಿಗುತ್ತದೆ. ಆದರೆ ಯುಡಿಪಿ 5353 ಪೋರ್ಟ್ ತೆರೆದಿರಬೇಕು, ರೂಟರಿನ ಗೆಸ್ಟ್ ವೈ-ಫೈನಲ್ಲಿ ಇರಬಾರದು, ಎಷ್ಟೋ ರೆಕಾರ್ಡರುಗಳಿಗೆ ಅದು ಬರುವುದೂ ಇಲ್ಲ. ಅದನ್ನೇ ನಂಬಿ ಕೂರುವಷ್ಟು ಗಟ್ಟಿಯಲ್ಲ.

ಸಾಲು ಸರಿಯಿದ್ದಂತೆ ಕಂಡರೂ ಹೆಸರು ಸಿಗದಿದ್ದರೆ ಕಣ್ಣಿಗೆ ಕಾಣದ ತಪ್ಪುಗಳನ್ನು ಹುಡುಕಿ. ವಿಂಡೋಸಿನ ನೋಟ್‌ಪ್ಯಾಡಿನಲ್ಲಿ ಬರೆದು ತಂದ ಸಾಲಿನ ತುದಿಯಲ್ಲಿ ಒಂದು ಹೆಚ್ಚುವರಿ ಅಕ್ಷರ ಉಳಿದಿರಬಹುದು. ಕ್ಯಾಟ್ ಕಮಾಂಡಿಗೆ ಮೈನಸ್ ದೊಡ್ಡ ಎ ಕೊಟ್ಟು ಫೈಲು ತೋರಿಸಿದರೆ ಅದು ಸಾಲಿನ ಕೊನೆಗೆ ಕ್ಯಾರೆಟ್ ಎಂ ಎಂದು ಕಾಣುತ್ತದೆ. ವಾಟ್ಸಾಪಿನಿಂದ ಕಾಪಿ ಮಾಡಿದ ಸಾಲಿನಲ್ಲಿ ಅಸಲಿ ಖಾಲಿ ಜಾಗವಲ್ಲದ ಖಾಲಿ ಜಾಗ ಇರುವುದುಂಟು. ಕನ್ನಡ ಕೀಬೋರ್ಡ್ ಚಾಲೂ ಇದ್ದಾಗ ೧೦ ಎಂದು ಬಿದ್ದಿದ್ದರೆ ಲಿನಕ್ಸ್ ಅದನ್ನು ನಂಬರ್ ಎಂದು ಒಪ್ಪುವುದಿಲ್ಲ. ಇನ್ನೊಂದು ಮೋಸದ ಜಾಗ ರೆಕಾರ್ಡರಿನ ಪರದೆ: ಅಲ್ಲಿ 010.073.041.030 ಎಂದು ಸೊನ್ನೆ ಸೇರಿಸಿ ತೋರಿಸುವ ಮಾಡೆಲ್‌ಗಳಿವೆ. ಹಾಗೇ ನಕಲು ಮಾಡಿದರೆ ಹೋಸ್ಟ್ಸ್ ಫೈಲು ಆ ಸಾಲನ್ನು ಬಿಟ್ಟುಬಿಡುತ್ತದೆ. ಪಿಂಗ್ ಕಮಾಂಡಿಗೆ ಕೊಟ್ಟರೆ ಇನ್ನೂ ವಿಚಿತ್ರ, ಮುಂದೆ ಸೊನ್ನೆ ಇದ್ದ ನಂಬರನ್ನು ಎಂಟರ ಲೆಕ್ಕದಲ್ಲಿ ಓದಿ 030 ಎಂಬುದನ್ನು 24 ಎಂದು ತಿಳಿಯುತ್ತದೆ.

ಉಬುಂಟು ಸರ್ವರ್ ಆವೃತ್ತಿಯನ್ನೇ ಲ್ಯಾಪ್‌ಟಾಪಿಗೆ ಹಾಕಿಕೊಂಡವರಿಗೆ ಮಾತ್ರ ಹೋಸ್ಟ್ಸ್ ಫೈಲು ನಿಜವಾಗಿಯೂ ಅಳಿಸಿಹೋಗುವ ಸಂದರ್ಭ ಬರಬಹುದು. ಅಲ್ಲಿ ಕ್ಲೌಡ್-ಇನಿಟ್ ಎಂಬುದು ಪ್ರತಿ ಬೂಟಿಗೆ ಫೈಲನ್ನು ಹೊಸದಾಗಿ ಬರೆಯುವಂತೆ ಇರಬಹುದು. ಹಾಗಿದ್ದರೆ ಫೈಲಿನ ತಲೆಯಲ್ಲಿ ಮ್ಯಾನೇಜ್ ಇಟಿಸಿ ಹೋಸ್ಟ್ಸ್ ಎಂದು ಅದೇ ಬರೆದಿರುತ್ತದೆ. ಕ್ಲೌಡ್-ಇನಿಟ್‌ನ ಸೆಟ್ಟಿಂಗಿನಲ್ಲಿ ಅದನ್ನು ಫಾಲ್ಸ್ ಮಾಡಿ, ಪ್ರಿಸರ್ವ್ ಹೋಸ್ಟ್‌ನೇಮ್ ಎಂಬುದನ್ನು ಟ್ರೂ ಮಾಡಿ. ನಿಮ್ಮ ಫೆಡೋರಾ ಡೆಸ್ಕ್‌ಟಾಪಿಗೆ ಇದು ಬೇಕಿಲ್ಲ.

ಮೂರು ಹೆಸರಿಗೆ, ಒಬ್ಬರ ಲ್ಯಾಪ್‌ಟಾಪಿಗೆ ಹೋಸ್ಟ್ಸ್ ಫೈಲು ಸಾಕು. ಮ್ಯಾನೇಜರ ಫೋನಿನಲ್ಲೂ ಬೇಕು, ಇನ್ನೂ ನಾಲ್ಕು ಕಂಪ್ಯೂಟರಿಗೆ ಬೇಕು ಎಂದಾದಾಗ ಲೆಕ್ಕದ ಸರ್ವರಿನಲ್ಲಿ ಡಿಎನ್‌ಎಸ್‌ಮಾಸ್ಕ್ ಎಂಬ ಸಣ್ಣ ಡಿಎನ್‌ಎಸ್ ಸರ್ವರ್ ಹಾಕಿ, ರೂಟರಿನ ಡಿಎಚ್‌ಸಿಪಿಯಲ್ಲಿ ಡಿಎನ್‌ಎಸ್ ಎಂದು 10.73.41.20 ಕೊಡಿ. ಆಗ ಲ್ಯಾಪ್‌ಟಾಪಿನಲ್ಲಿ ಏನೂ ಬರೆಯಬೇಕಿಲ್ಲ, ಸ್ಟೋರೇಜಿನ ವೈ-ಫೈ ಹಿಡಿದಾಗ ಹೆಸರುಗಳು ಬರುತ್ತವೆ, ಬಿಟ್ಟಾಗ ಹೋಗುತ್ತವೆ. ರೂಟರ್ ಆ ಅವಕಾಶ ಕೊಡದಿದ್ದರೆ ಸೆಟ್ಟಿಂಗನ್ನು ಆ ವೈ-ಫೈನ ಪ್ರೊಫೈಲಿಗೇ ಕಟ್ಟಿ. ಅದರ ಹೆಸರು ಗೋಡೌನ್ ಎಂದಿದ್ದರೆ:

ಎನ್‌ಎಂಸಿಎಲ್‌ಐ ಕನೆಕ್ಷನ್ ಮಾಡಿಫೈ ಗೋಡೌನ್ ಐಪಿವಿ4.ಡಿಎನ್‌ಎಸ್ 10.73.41.20 ಐಪಿವಿ4.ಡಿಎನ್‌ಎಸ್-ಸರ್ಚ್ ಹೋಮ್.ಆರ್ಪಾ ಐಪಿವಿ4.ಇಗ್ನೋರ್-ಆಟೋ-ಡಿಎನ್‌ಎಸ್ ಯೆಸ್

ಆಮೇಲೆ ಎನ್‌ಎಂಸಿಎಲ್‌ಐ ಕನೆಕ್ಷನ್ ಅಪ್ ಗೋಡೌನ್ ಎಂದು ಹೊಡೆದರೆ ಜಾರಿಯಾಗುತ್ತದೆ. ಸರ್ಚ್ ಇರುವುದರಿಂದ ಬರೀ ಲೆಕ್ಕ ಎಂದರೂ ಪೂರ್ತಿ ಹೆಸರಾಗಿ ಹುಡುಕುತ್ತದೆ. ರೂಟರ್ ಐಪಿವಿ6 ಮೂಲಕವೂ ಡಿಎನ್‌ಎಸ್ ಹಂಚುತ್ತಿದ್ದರೆ ಐಪಿವಿ6ಗೂ ಇಗ್ನೋರ್ ಸಾಲು ಹಾಕಿ.

ಇಲ್ಲಿ ಎಲ್ಲರೂ ಎಡವುವ ಕಲ್ಲು ಎರಡನೇ ಡಿಎನ್‌ಎಸ್. ಮೊದಲು ನಮ್ಮ ಸರ್ವರ್, ಅದು ಬಂದ್ ಇದ್ದರೆ ಇರಲಿ ಎಂದು ಪಕ್ಕದಲ್ಲಿ 8.8.8.8 ಬರೆಯುತ್ತಾರೆ. ರಿಸಾಲ್ವ್ಡ್ ದೃಷ್ಟಿಯಲ್ಲಿ ಇಬ್ಬರೂ ಸಮಾನರು, ಮೊದಲು ಎರಡನೇದು ಎಂಬ ಭೇದ ಕಾಯಂ ಇರುವುದಿಲ್ಲ. ನಮ್ಮ ಸರ್ವರ್ ಒಮ್ಮೆ ತಡವರಿಸಿದರೆ 8.8.8.8ಕ್ಕೆ ಹೊರಳಿ ಅಲ್ಲೇ ನೆಲೆಸುತ್ತದೆ. ಅಲ್ಲಿ ಲೆಕ್ಕ ಎಂದು ಕೇಳಿದರೆ ಅಂಥ ಹೆಸರಿಲ್ಲ ಎಂಬ ಉತ್ತರ ಬರುತ್ತದೆ. ಇಲ್ಲ ಎಂಬುದೂ ಉತ್ತರವೇ, ಹಾಗಾಗಿ ಇನ್ನೊಬ್ಬರನ್ನು ಕೇಳುವುದಿಲ್ಲ. ಬೆಳಿಗ್ಗೆ ಸರಿ, ಮಧ್ಯಾಹ್ನ ಇಲ್ಲ ಎಂಬ ದೂರು ಹುಟ್ಟುವುದು ಹೀಗೆ. ಒಂದೇ ಡಿಎನ್‌ಎಸ್ ಕೊಡಿ, ಹೊರಗಿನ ಹೆಸರುಗಳನ್ನು ಅದೇ ಸರ್ವರ್ ಮುಂದಕ್ಕೆ ಕೇಳಲಿ. ಸರ್ವರ್ ನಿಂತರೆ ಇಂಟರ್ನೆಟ್ಟೂ ನಿಲ್ಲುತ್ತದೆ ಎಂಬುದು ಇದರ ಬೆಲೆ, ಅದಕ್ಕೆ ಯುಪಿಎಸ್ ಇರಲಿ.

ಪ್ರೊಫೈಲಿಗೆ ಕಟ್ಟುವಾಗ ಇನ್ನೊಂದು ಎಚ್ಚರ. ವೈ-ಫೈ ಪ್ರೊಫೈಲನ್ನು ನೆಟ್‌ವರ್ಕ್‌ಮ್ಯಾನೇಜರ್ ವೈ-ಫೈ ಹೆಸರಿನಿಂದ ಗುರುತಿಸುತ್ತದೆ. ಕೇಬಲ್ಲಿಗೆ ಹೆಸರೇ ಇಲ್ಲ. ಮನೆಯಲ್ಲಿ ಚುಚ್ಚಿದರೂ ಬೆಳಗಾವಿಯಲ್ಲಿ ಚುಚ್ಚಿದರೂ ಅದೇ ವೈರ್ಡ್ ಪ್ರೊಫೈಲ್ ಓಡುತ್ತದೆ. ಸ್ಟೋರೇಜಿನ ಡಿಎನ್‌ಎಸ್ಸನ್ನು ಅದಕ್ಕೆ ಬರೆದರೆ ಉಳಿದೆಲ್ಲ ಕಡೆ ಇಂಟರ್ನೆಟ್ ಸತ್ತಂತೆ. ಕೇಬಲ್ಲಿಗೆ ಎರಡು ಪ್ರೊಫೈಲ್ ಮಾಡಿ, ಸ್ಟೋರೇಜಿನದಕ್ಕೆ ಆಟೋಕನೆಕ್ಟ್ ತೆಗೆದು, ಅಲ್ಲಿಗೆ ಹೋದಾಗ ಕೈಯಿಂದ ಆರಿಸಿ.

ಮನೆಯಿಂದ, ಬೆಳಗಾವಿಯಿಂದ ಕೂಡ ಲೆಕ್ಕದ ಸರ್ವರ್ ತೆರೆಯಬೇಕು ಎಂಬುದು ನಿಮ್ಮ ಆಸೆಯಾಗಿದ್ದರೆ ಹೆಸರಿನ ಕಸರತ್ತಿನಿಂದ ಅದು ಆಗುವುದಿಲ್ಲ, ದಾರಿಯೇ ಬೇಕು. ಅದಕ್ಕೆ ವೈರ್‌ಗಾರ್ಡ್ ಎಂಬ ವಿಪಿಎನ್ ಸರಿ, 2020ರ 5.6 ಆವೃತ್ತಿಯಿಂದ ಲಿನಕ್ಸ್ ಕರ್ನೆಲಿನಲ್ಲೇ ಇದೆ. ಅದರಲ್ಲಿ ಪ್ರತಿ ಯಂತ್ರಕ್ಕೆ ಸುರಂಗದೊಳಗಿನ ಒಂದು ಕಾಯಂ ವಿಳಾಸ ಇರುತ್ತದೆ, ಹೋಸ್ಟ್ಸ್ ಸಾಲಿನಲ್ಲಿ ಲೆಕ್ಕದ ಮುಂದೆ ಆ ವಿಳಾಸ ಬರೆದರೆ ಎಲ್ಲ ಊರಲ್ಲೂ ಅದೇ ನಡೆಯುತ್ತದೆ. ಸ್ಟೋರೇಜಿನ ಇಂಟರ್ನೆಟ್‌ಗೆ ಪಬ್ಲಿಕ್ ಐಪಿ ಇದೆಯೇ ಮೊದಲು ನೋಡಿ. ರೂಟರಿನ ವ್ಯಾನ್ (ಇಂಟರ್ನೆಟ್ ಕಡೆಯ) ವಿಳಾಸ 100.64ರಿಂದ 100.127ರ ನಡುವೆ ಅಥವಾ 10ರಿಂದ ಶುರುವಾದರೆ ಇಲ್ಲ ಎಂದರ್ಥ. ಆಗ ಪಬ್ಲಿಕ್ ಐಪಿ ಇರುವ ಒಂದು ಬಾಡಿಗೆ ಸರ್ವರನ್ನು ನಡುವೆ ಇಡಬೇಕು.

ವೈ-ಫೈ ಬದಲಾದಾಗ ಹೋಸ್ಟ್ಸ್ ಫೈಲನ್ನೇ ಅದಲು ಬದಲು ಮಾಡುವ ಡಿಸ್ಪ್ಯಾಚರ್ ಸ್ಕ್ರಿಪ್ಟ್ ಬರೆಯಿರಿ ಎಂದು ಯಾರಾದರೂ ಹೇಳಿಯಾರು. ನಡೆಯುತ್ತದೆ, ಆದರೆ ನಿಮಗೆ ಬೇಡ. ಸ್ಕ್ರಿಪ್ಟ್ ವೈ-ಫೈಗೆ ಮಾತ್ರವಲ್ಲ, ಡಾಕರಿನ ಸೇತುವೆಗೂ ವಿಪಿಎನ್ನಿಗೂ ಓಡುತ್ತದೆ, ಬರೆಯುತ್ತಿರುವಾಗ ಬ್ಯಾಟರಿ ಹೋದರೆ ಅರ್ಧ ಫೈಲು ಉಳಿಯುತ್ತದೆ. ಬರೆದೇ ತೀರುತ್ತೇನೆ ಎನ್ನುವವರು ಫೈಲಿನ ಮಾಲೀಕ ರೂಟ್ ಆಗಿರಲಿ, ಪರ್ಮಿಷನ್ 755 ಇರಲಿ. ಗ್ರೂಪಿಗೆ ಬರೆಯುವ ಹಕ್ಕಿದ್ದರೆ ಸ್ಕ್ರಿಪ್ಟನ್ನು ಓಡಿಸುವುದೇ ಇಲ್ಲ, ಪರದೆಯ ಮೇಲೆ ಏನೂ ಹೇಳುವುದೂ ಇಲ್ಲ.

ಪರೀಕ್ಷೆಗೆ ಗೆಟೆಂಟ್ ಹೋಸ್ಟ್ಸ್ ಲೆಕ್ಕ ಎಂಬ ಕಮಾಂಡನ್ನೇ ನಂಬಿ, ಪ್ರೋಗ್ರಾಮುಗಳು ಕೇಳುವ ಸರದಿಯಲ್ಲೇ ಅದೂ ಕೇಳುತ್ತದೆ. ಡಿಗ್, ಎನ್‌ಎಸ್‌ಲುಕಪ್ ನೇರವಾಗಿ ಡಿಎನ್‌ಎಸ್ ಸರ್ವರನ್ನು ಕೇಳುವ ಸಾಧನಗಳು, ಹೋಸ್ಟ್ಸ್ ಫೈಲನ್ನು ತಾವಾಗಿ ಓದುವುದಿಲ್ಲ. ಅವುಗಳ ಉತ್ತರ ನೋಡಿ ಫೈಲು ಕೆಟ್ಟಿದೆ ಎಂದುಕೊಳ್ಳಬೇಡಿ. ಯಾವ ವೈ-ಫೈಗೆ ಯಾವ ಡಿಎನ್‌ಎಸ್ ಅಂಟಿದೆ ಎಂದು ರಿಸಾಲ್ವ್‌ಸಿಟಿಎಲ್ ಸ್ಟೇಟಸ್ ತೋರಿಸುತ್ತದೆ, ಹಳೆಯ ಉತ್ತರ ನೆನಪಿನಲ್ಲಿ ಕೂತಿದ್ದರೆ ರಿಸಾಲ್ವ್‌ಸಿಟಿಎಲ್ ಫ್ಲಶ್-ಕ್ಯಾಶಸ್ ತೊಳೆಯುತ್ತದೆ. ಬ್ರೌಸರಿನ ವಿಳಾಸಪಟ್ಟಿಯಲ್ಲಿ ಬರೀ ಲೆಕ್ಕ ಎಂದು ಹೊಡೆದರೆ ಅದು ಗೂಗಲ್‌ನಲ್ಲಿ ಹುಡುಕಲು ಓಡಬಹುದು, ಕೊನೆಗೆ ಒಂದು ಓರೆಗೆರೆ ಹಾಕಿ. ಡಿಎನ್‌ಎಸ್‌ಮಾಸ್ಕ್ ದಾರಿ ಹಿಡಿದರೆ ಬ್ರೌಸರಿನ ಸೆಕ್ಯೂರ್ ಡಿಎನ್‌ಎಸ್ ಬೇರೆ ಸರ್ವರಿಗೆ ಕಟ್ಟಿಲ್ಲವೇ ನೋಡಿ. ಕಟ್ಟಿದ್ದರೆ ಟರ್ಮಿನಲ್‌ಗೆ ಸಿಗುವ ಹೆಸರು ಬ್ರೌಸರಿಗೆ ಸಿಗುವುದಿಲ್ಲ.

ಎಲ್ಲ ಮುಗಿಸಿ ಮನೆಗೆ ಹೋದ ದಿನ ಲೆಕ್ಕದ ಪುಟ ತೆರೆದು ನೋಡಿ. ಸುರಂಗ ಹಾಕಿಲ್ಲದಿದ್ದರೆ ಸ್ವಲ್ಪ ಹೊತ್ತು ಸುತ್ತಿ ಟೈಮೌಟ್ ಎಂದು ಬರಬೇಕು. ಟಿವಿಯ ಪುಟ ಬರಲಿಲ್ಲ ಎಂದರೆ ಕೆಲಸ ಸರಿಯಾಗಿದೆ.